ತಾಲಿಯಾಳ ಕಥೆಗೆ ನಾನು ಕೊಟ್ಟ ಸಲಹೆ

ಸ್ನೇಹಿತರೇ, ಇವತ್ತು ಒಂದು ಒಳ್ಳೆಯ ಕಥೆ ಕೆಟ್ಟುಹೋದದ್ದನ್ನು ಕಣ್ಣಾರೆ ಕಂಡೆ. ಕೆಡಿಸಿದವಳು ನಾನೇ.

ಈ ಪರದೇಶದಲ್ಲಿ ನಾನಿರುವ ಪ್ರಾಸ್ಪೆಕ್ಟ್ ಎಂಬ ಊರಿನ ಲೈಬ್ರರಿಯಲ್ಲಿ ನಾವು ಏಳೆಂಟು ಜನ ಸೇರಿ, ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತೇವೆ. ಅವರಲ್ಲಿ ತಾಲಿಯಾ ಯಹೂದಿ ಹುಡುಗಿ. ಅವಳದು ಇಬ್ಬರು ಹುಡುಗಿಯರ ಪ್ರೇಮಕಥೆ. ಯಹೂದಿಗಳ ದೀಪದ ಹಬ್ಬವಾದ ಹನುಕ್ಕಾದ ಎಂಟು ಸಂಜೆಯೂ ಜೊತೆಗೆ ದೀಪ ಹಚ್ಚುತ್ತ ಅವರಿಗೆ ಪ್ರೀತಿಯಾಗುತ್ತದೆ. ಹೋದ ತಿಂಗಳು ಅದನ್ನು ಕೇಳಿ ನಾನು, "ಚೆನ್ನಾಗಿದೆ, ಆದ್ರೆ ಹನುಕ್ಕಾ ಯಾರಿಗ್ ಗೊತ್ತು? ಕ್ರಿಸ್‌ಮಸ್ ಮಾಡ್ಬಿಡು, ಎಲ್ರೂ ಓದ್ತಾರೆ" ಅಂದಿದ್ದೆ.

ಇವತ್ತು ತಿದ್ದಿದ ಕಥೆ ಓದಿದಳು. ಕ್ರಿಸ್‌ಮಸ್ ಮರ ಬಂದಿತ್ತು, ದೀಪಗಳು ಹೋಗಿದ್ದವು. ಕಡ್ಡಿ ಗೀರುವಾಗ ಇಬ್ಬರ ಕೈ ತಾಗುವ ಸಾಲೂ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊರಗೆ ಬಂದ ಮೇಲೆ, "ಆ ಸಾಲು ಯಾಕೆ ತೆಗೆದೆ?" ಎಂದೆ.

"ನೀನೇ ಹೇಳಿದ್ಯಲ್ಲ. ಇಂಥ ಹಬ್ಬದ ಪ್ರೇಮಕಥೆ ಎಷ್ಟೋ ಓದಿದೀನಿ. ಎಲ್ಲದ್ರಲ್ಲೂ ನಮ್ಮಂಥವಳು ಬೇರೆಯವರ ಹಬ್ಬಕ್ಕೆ ಗೆಸ್ಟು. ಒಂದ್ರಲ್ಲಾದ್ರೂ ಹಬ್ಬ ನಮ್ಮನೇಲೇ ಆಗ್ಲಿ ಅಂತ ಆಸೆ ಇತ್ತು."

"ನಂದೇ ತಪ್ಪು. ದೀಪ ವಾಪಸ್ ಹಾಕ್ಬಿಡು, ಪ್ಲೀಸ್."

"ಪತ್ರಿಕೆಗೆ ಕಳ್ಸಾಯ್ತು. ಅವರು ಒಪ್ಕೊಂಡೂ ಆಯ್ತು," ಎಂದು ನಕ್ಕಳು. ಆ ನಗು ನೋಡಲಾಗಲಿಲ್ಲ.

ಆಫೀಸಿನಲ್ಲಿ ಯಾರಾದರೂ ದೀಪಾವಳಿಯನ್ನು 'ಇಂಡಿಯನ್ ಕ್ರಿಸ್‌ಮಸ್' ಅಂದರೆ ವಾರಗಟ್ಟಲೆ ಉರಿದುಬೀಳುವವಳು ನಾನು.