ಮರ ನೋಡಲು ಹೋದ ಭಾನುವಾರ

ಬಾಳೆಲೆಯನ್ನು ಒಲೆಯ ಉರಿಗೆ ತುಸುವೇ ತೋರಿಸಿ ಬಾಡಿಸಿದರೆ ಅದು ಹರಿಯದೆ ಬಾಗುತ್ತದೆ, ಬುತ್ತಿಗೆ ಒದಗುತ್ತದೆ. ಹಾಗೆ ಬಾಡಿಸಿದ ಎಲೆಗಳಲ್ಲಿ ಚಿತ್ರಾನ್ನ ಕಟ್ಟುತ್ತ ಆ ಬೆಳಿಗ್ಗೆ ನಾನು ಏನೋ ಗುನುಗುತ್ತಿದ್ದೆನಂತೆ. ಮಗಳು ಈಗಲೂ ಹೇಳುತ್ತಾಳೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕುಳಿತುಕೊಳ್ಳಿ.

ಬಾಳೂರಿನಾಚೆ ಗುಡ್ಡದ ಮಗ್ಗುಲಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ. ನನ್ನ ಗಂಡ ಸಂಸಾರ ಕಟ್ಟಿಕೊಂಡು ಊರು ಸುತ್ತುವ ಪೈಕಿಯಲ್ಲ. ಅವರ ಪಾಲಿಗೆ ಜೀಪು ಇರುವುದು ಗೊಬ್ಬರಕ್ಕೆ, ಕಾಫಿ ಮೂಟೆಗೆ, ಆಳುಗಳನ್ನು ಕರೆತರುವುದಕ್ಕೆ. ಹೆಂಡತಿ ಅದರಲ್ಲಿ ಕೂರುವುದು ಯಾರಾದರೂ ಸತ್ತರೆ ಅಥವಾ ಹೆತ್ತರೆ. ಅಂಥವರು, ಕಾಫಿಗೆ ಬೆಲೆ ಬಿದ್ದುಹೋಗಿದ್ದ ಎರಡು ಸಾವಿರದ ಇಸವಿಯ ಈಚಿನ ಒಂದು ಬೇಸಿಗೆಯಲ್ಲಿ, ಶನಿವಾರ ಊಟಕ್ಕೆ ಕೂತವರೇ, "ಘಟ್ಟದ ಕೆಳಗೆ ಭಾರೀ ದೊಡ್ಡ ಸಸ್ಯೋದ್ಯಾನ ಮಾಡಿದಾರಂತೆ. ನಾಳೆ ಎಲ್ರೂ ಹೋಗಣ. ಅಮ್ಮನೂ ಬರ್ಲಿ" ಎಂದರು.

ಅಮ್ಮನೆಂದರೆ ನನ್ನ ಅತ್ತೆ. ಮಂಡಿನೋವಿನಿಂದಾಗಿ ಅಂಗಳ ಇಳಿಯುವುದೇ ಅವರಿಗೊಂದು ಯಾತ್ರೆ. "ನಂಗೆಂತಕ್ಕೆ ಮಾರಾಯ? ಕಾಡಲ್ಲಿರೋರು ಕಾಡು ನೋಡಕ್ಕೆ ಹೋಗದಾ?" ಎಂದು ನಕ್ಕರು. ಇವರು ಬಿಡಲಿಲ್ಲ. ತಾವೇ ಜೀಪಿನ ಮುಂದಿನ ಸೀಟಿಗೆ ದಿಂಬು ಕಟ್ಟಿದರು, ನೀರಿನ ಹೂಜಿ ಇಟ್ಟರು. ಆ ಒತ್ತಾಯವನ್ನು ನಾನು ಪ್ರೀತಿಯೆಂದು ತಿಳಿದೆ. ಹೆಂಗಸರ ನಿಘಂಟಿನಲ್ಲಿ ಅಪರೂಪದ ಗಮನಕ್ಕೆಲ್ಲ ಪ್ರೀತಿಯೆಂದೇ ಅರ್ಥ ಬರೆದಿರುತ್ತದೆ, ತಿದ್ದುವವರು ಯಾರು?

ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು, ಚಾರ್ಮಾಡಿಯ ತಿರುವುಗಳಲ್ಲಿ ಮಗಳು ರಮ್ಯ ಎರಡು ಸಲ ವಾಂತಿ ಮಾಡಿ, ಅಂತೂ ಸೆಕೆಯ ನಾಡಿಗೆ ಇಳಿದೆವು. ಉದ್ಯಾನವೇನೋ ನಿಜಕ್ಕೂ ದೊಡ್ಡದು, ಚಂದವೂ ಇತ್ತು, ಸುಳ್ಳು ಹೇಳಬಾರದು. ಮಗುವನ್ನು ಮಲಗಿಸಬಹುದಾದಷ್ಟು ಅಗಲದ ಎಲೆಗಳು ತೇಲುವ ಕೊಳ, ಹಬೆಯಾಡುವ ಗಾಜಿನ ಮನೆಯೊಳಗೆ ನೇತುಬಿದ್ದ, ನಾವು ಸೀತಾಳೆ ಎನ್ನುವ ಆರ್ಕಿಡ್ ಹೂಗಳು, ಎಂದೂ ಕಂಡಿರದ ದೇಶಗಳ ತಾಳೆಗಳು. ಪ್ರತಿ ಮರದ ಎದೆಗೂ ಶಾಲೆಯ ಮಕ್ಕಳ ಬ್ಯಾಡ್ಜಿನಂತೆ ಒಂದು ಹೆಸರಿನ ಫಲಕ. ರಮ್ಯ ಒಂದೊಂದನ್ನೂ ಗಟ್ಟಿಯಾಗಿ ಓದುತ್ತ ಓಡುತ್ತಿದ್ದಳು. ಅತ್ತೆ ಕೋಲೂರಿಕೊಂಡು, ನಿಂತು ನಿಂತು, ಮದುವೆಮನೆಗೆ ಬಂದವರಂತೆ ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಿದ್ದರು.

ಬುತ್ತಿ ಬಿಚ್ಚಲು ನೆರಳು ಹುಡುಕುತ್ತಿದ್ದಾಗ ಘಟ್ಟದ ಮರಗಳ ಭಾಗ ಸಿಕ್ಕಿತು. ಅಲ್ಲೊಂದು ಹೊನ್ನೆಮರ, ಇನ್ನೂ ತೊಡೆಗಾತ್ರದ್ದು. ರಮ್ಯ ಫಲಕ ಓದಿದಳು: "ಹೊನ್ನೆ. ಕಡಿದರೆ ಕಾಂಡದಿಂದ ರಕ್ತದಂತಹ ಕೆಂಪು ರಸ ಒಸರುತ್ತದೆ." ಅತ್ತೆಯ ಮುಖ ಅರಳಿತು. ತೊಗಟೆಯ ಮೇಲೆ ಅಂಗೈಯಿಟ್ಟು, "ಇದು ಕೂಸು. ನಮ್ಮನೇದು ಇದರ ಮುತ್ತಜ್ಜ ಅಲ್ವನಾ?" ಎಂದು ಮಗನ ಕಡೆ ತಿರುಗಿದರು.

ನಮ್ಮ ಮನೆಯ ಹೊನ್ನೆ ಕಣದ ಪಕ್ಕದಲ್ಲಿತ್ತು. ಇಬ್ಬರು ತಬ್ಬಿದರೂ ಕೈ ಕೂಡದಷ್ಟು ಬುಡ. ಕೆಲಸದ ಹೆಂಗಸರು ಮಧ್ಯಾಹ್ನದ ಊಟಕ್ಕೆ ಕೂರುತ್ತಿದ್ದುದು ಅದರಡಿಯಲ್ಲಿ. ಮಾವ ತೀರಿಹೋದ ವರ್ಷವಿಡೀ ಅತ್ತೆ ಸಂಜೆ ಒಬ್ಬರೇ ಹೋಗಿ ಕೂರುತ್ತಿದ್ದುದೂ ಅಲ್ಲೇ. ನಾನು ಮದುವೆಯಾಗಿ ಬಂದ ಮಳೆಗಾಲದಲ್ಲಿ ಅದರ ಬುಡಕ್ಕೊಂದು ಮೆಣಸಿನ ಬಳ್ಳಿ ನೆಟ್ಟಿದ್ದೆ. ಅದು ಹಬ್ಬಿ, ಮರದ ಅರ್ಧ ಮೈಯನ್ನು ಹಸಿರು ಸೀರೆಯಂತೆ ಸುತ್ತಿಕೊಂಡಿತ್ತು. ಆ ಮನೆಯಲ್ಲಿ ನನ್ನ ಹೆಸರಲ್ಲಿ ಬೇರೇನಿತ್ತೋ ಗೊತ್ತಿಲ್ಲ, ಆ ಬಳ್ಳಿಯನ್ನು ಮಾತ್ರ ಎಲ್ಲರೂ 'ಸಣ್ಣಮ್ಮೋರ ಬಳ್ಳಿ' ಎನ್ನುತ್ತಿದ್ದರು.

ತಾಯಿಯ ಮಾತು ಮುಗಿಯುತ್ತಲೇ ಇವರು "ಐಸ್‌ಕ್ರೀಮ್ ತರ್ತೀನಿ" ಎಂದು ಹೊರಟವರು ಎಷ್ಟೋ ಹೊತ್ತಿಗೆ ಬರಿಗೈಯಲ್ಲಿ ಬಂದರು. ಊಟವೂ ಸರಿಯಾಗಿ ಮಾಡಲಿಲ್ಲ. ಬಿಸಿಲಿಗೆ ಪಿತ್ತವೇರಿರಬೇಕೆಂದು ನಾನು ಮಜ್ಜಿಗೆ ಕೊಟ್ಟೆ.

ಸಂಜೆ ಬೆಳಕಿರುವಾಗಲೇ ಘಟ್ಟ ಹತ್ತಿ ನಮ್ಮ ಮಣ್ಣಿನ ದಾರಿಗೆ ತಿರುಗಿದೆವು. ಎದುರಿಗೆ ಲಾರಿ. ದಾರಿ ಒಂದೇ ಗಾಡಿಯಷ್ಟು ಅಗಲ. ಇವರು ಜೀಪನ್ನು ಹಿಂದಕ್ಕೆ ತೆಗೆದು ಬೇಲಿಗೊತ್ತಿ ನಿಲ್ಲಿಸಿದರು. ನರಳುತ್ತ ಲಾರಿ ಪಕ್ಕದಲ್ಲೇ ದಾಟಿತು. ಹಿಂಬದಿಯಲ್ಲಿ ಸರಪಳಿ ಬಿಗಿದ ದಿಮ್ಮಿಗಳು. ಕೊಯ್ದ ಮೈಯಿಂದ ಕೆಂಪು ಇಳಿದು ಹಲಗೆಯ ಸಂದಿಯಲ್ಲಿ ತೊಟ್ಟಿಕ್ಕುತ್ತಿತ್ತು.

"ಅಪ್ಪ, ಈ ಲಾರಿ ನಮ್ಮನೆ ಕಡೆಯಿಂದ ಬಂತಲ್ಲ?" ಎಂದಳು ರಮ್ಯ.

ಅತ್ತೆ ಒಂದೇ ಮಾತು ಹೇಳಿದರು. "ಹೊನ್ನೆ."

ಮನೆ ಮುಟ್ಟಿದಾಗ ನನಗೆ ಮೊದಲು ಕಂಡದ್ದು ಮರವಿಲ್ಲದಿರುವುದಲ್ಲ, ಆಕಾಶ. ಕಣದ ಮೇಲೆ ಅಷ್ಟು ದೊಡ್ಡ, ಅಷ್ಟು ನಾಚಿಕೆಗೆಟ್ಟ ಆಕಾಶವನ್ನು ನಾನು ಕಂಡಿರಲಿಲ್ಲ. ಕೊಂಬೆಗಳು ಕಾಫಿ ಗಿಡಗಳ ಮೇಲೆ ಒರಗಿ ಬಿದ್ದಿದ್ದವು. ಬುಡ ಕಡಿಸಿಕೊಂಡ ಬಳ್ಳಿ, ಇನ್ನೂ ಬಾಡದ ಎಲೆಗಳೊಂದಿಗೆ, ಯಾರೋ ಬಿಚ್ಚಿ ಎಸೆದ ಬಟ್ಟೆಯಂತೆ ರಾಶಿಯಾಗಿತ್ತು. ಅತ್ತೆ ಜೀಪಿನಿಂದ ಇಳಿಯಲೇ ಇಲ್ಲ. "ಒಳಗೆ ಬಾ ಅಮ್ಮ" ಎಂದು ಇವರು ಕೈ ನೀಡಿದರೆ ಆ ಕೈಯನ್ನು ನೋಡಿದರು, ಹಿಡಿಯಲಿಲ್ಲ.

ನಾನು ಕೇಳಿದೆ. ಕೇಳಿದೆನೆಂಬುದು ಸೌಮ್ಯವಾದ ಮಾತು. ಕೂಲಿಯವರ ಮನೆಸಾಲಿನವರೆಗೂ ನನ್ನ ದನಿ ಹೋಯಿತಂತೆ. "ನಮ್ಮನ್ನ ಮರ ನೋಡಕ್ಕೆ ಕರ್ಕೊಂಡು ಹೋಗಿ ಮರ ಕಡಿಸಿದ್ರಾ?"

"ಕೂಗ್ಬೇಡ ಮಾರಾಯ್ತಿ. ನೆರಳು ಜಾಸ್ತಿಯಾಗಿತ್ತು, ತೆಳು ನೆರಳಿನ ಸಿಲ್ವರ್ ಓಕ್ ಹಾಕಣ ಅಂತ. ಪರ್ಮಿಶನ್ ಎಲ್ಲ ತಗಂಡೇ ಮಾಡಿದ್ದು. ಮುಂಚೇನೇ ಹೇಳಿದ್ರೆ ನೀವಿಬ್ರೂ ರಂಪ ಮಾಡ್ತಿದ್ರಿ."

ಸ್ನೇಹಿತರೇ, ಆ ಕೊನೆಯ ವಾಕ್ಯವನ್ನು ಇಷ್ಟು ವರ್ಷ ಮಗುಚಿ ಮಗುಚಿ ನೋಡಿದ್ದೇನೆ. ಮರ ಕಡಿಯಲೇಬಾರದೆನ್ನುವ ಸಾಧ್ವಿ ನಾನಲ್ಲ. ತೋಟವೆಂದರೆ ಕಡಿಯುವುದೂ ನೆಡುವುದೂ ಇದ್ದದ್ದೇ, ಬೆಲೆ ಬಿದ್ದ ಕಾಲದ ಬಿಸಿ ನನ್ನ ಒಲೆಗೂ ತಟ್ಟಿತ್ತು. ಆದರೆ ಈ ಮನುಷ್ಯ ಸರ್ಕಾರವನ್ನು ಕೇಳಿದ್ದಾರೆ, ಮರದ ವ್ಯಾಪಾರಿಯನ್ನು ಕೇಳಿದ್ದಾರೆ, ತೋಟದ ಮೇಸ್ತ್ರಿಯನ್ನೂ ಕೇಳಿದ್ದಾರೆ. ನಡುಮನೆ ದಾಟಿ ಅಡಿಗೆಮನೆಗೆ ಬಂದು ಒಂದು ಮಾತು ಕೇಳಲು ಮಾತ್ರ ದಾರಿ ದೂರವಾಯಿತು. ನಾವು ರಂಪ ಮಾಡುತ್ತಿದ್ದೆವು, ನಿಜ. ಅಳುತ್ತಿದ್ದೆವೇನೋ, ಸೋಲುತ್ತಲೂ ಇದ್ದೆವೇನೋ. ಆದರೆ ಸೋಲುವುದಕ್ಕಾದರೂ ಮೊದಲು ಜಗಳವೊಂದು ಬೇಕಲ್ಲ? ಕದ್ದದ್ದು ಮರವನ್ನಲ್ಲ, ನಮ್ಮ ಜಗಳವನ್ನು. ಅದೂ ಪ್ರೀತಿಯ ವೇಷ ಹಾಕಿ, ನೋಯುವ ಮಂಡಿಗೆ ದಿಂಬು ಕಟ್ಟಿ. ಬೈದವರನ್ನು ಕ್ಷಮಿಸಬಹುದು, ಹೊಡೆದವರನ್ನೂ ಒಂದು ದಿನ ಮರೆಯಬಹುದೇನೋ; ಅಕ್ಕರೆಯನ್ನೇ ಬಲೆಯಾಗಿ ಬೀಸಿದವರ ಮುಂದೆ ಆಮೇಲೆ ನಿಜವಾದ ಅಕ್ಕರೆಯನ್ನು ಗುರುತಿಸುವುದು ಹೇಗೆ? ಅಂದಿನಿಂದ ಅವರು ಹೂ ತಂದರೂ ನಾನು ಅಂಗಳದಾಚೆ ಒಮ್ಮೆ ಕಣ್ಣು ಹಾಯಿಸಿ ಮರಗಳನ್ನು ನೋಡಿಬಿಡುತ್ತೇನೆ.

ಅತ್ತೆ ಮಗನೊಡನೆ ಮಾತು ಬಿಟ್ಟರು. ಮಳೆಗಾಲ ಶುರುವಾದ ಮೇಲೆ ಒಂದು ದಿನ ಇವರೇ ಬಂದು ತಾಯಿಯ ಕಾಲ ಬಳಿ ಕೂತು, "ತಪ್ಪಾಯ್ತು" ಎಂದರು. ಅತ್ತೆ, "ತಪ್ಪು ಕಡಿದದ್ದಲ್ಲ ಮಗ. ನನ್ನ ಕರ್ಕೊಂಡು ಹೋದದ್ದು" ಎಂದು, ಮತ್ತೆ ಮಾತಾಡತೊಡಗಿದರು. ತಾಯಂದಿರಿಗೆ ಅಷ್ಟು ಸಾಕು. ನನಗೆ ಸಾಕಾಗಲಿಲ್ಲ.

ಮರುವರ್ಷ ಅದೇ ವ್ಯಾಪಾರಿ ಬಂದ. ತೋಟದ ಕೆಳಗಿನ ಹೆಬ್ಬಲಸಿನ ಮೇಲೆ ಅವನ ಕಣ್ಣು. ನಾನು ದೋಸೆ ಹುಯ್ಯುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು; ನನ್ನ ಗಂಡ, ಟೋಪಿ ಕೈಯಲ್ಲಿ ತಿರುಗಿಸುತ್ತ.

"ಹೆಬ್ಬಲಸು ಕೇಳ್ತಿದಾನೆ. ನೀ ಎಂತ ಹೇಳ್ತಿ?"

ಕಾವಲಿ ಇಳಿಸಿ ಹೊರಗೆ ಬಂದೆ. ಕೊಡುವುದಿಲ್ಲವೆಂದೆ. ಯಾಕೆ ಎಂದರು. ಹೇಳಿದೆ. ಅವರೂ ಹೇಳಿದರು. ಅವರ ದನಿ ಏರಿತು, ನನ್ನದು ಅದಕ್ಕಿಂತ ಮೇಲೇರಿತು, ಒಳಗಿನಿಂದ ಅತ್ತೆಯೂ ಸೇರಿಕೊಂಡರು. ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ವ್ಯಾಪಾರಿ ಯಾವಾಗ ಎದ್ದು ಹೋದನೋ ಯಾರೂ ನೋಡಲಿಲ್ಲ. ಒಣಗಿ ನಿಂತ ಮತ್ತಿಮರವೊಂದನ್ನು ಬೇಕಾದರೆ ಕಡಿಸಿ ಎಂದು ಕೊನೆಗೆ ನಾನೇ ಒಪ್ಪಿದೆ. ಹೆಬ್ಬಲಸು ಇನ್ನೂ ನಿಂತಿದೆ.

ನನ್ನ ಸಿಟ್ಟು ಇಳಿಯಿತೇ ಎಂದು ಕೇಳಬೇಡಿ. ಆದರೆ ಆ ಬೆಳಿಗ್ಗೆ, ಮದುವೆಯಾದ ಎಷ್ಟೋ ವರ್ಷಗಳ ಮೇಲೆ ಮೊದಲ ಸಲ, ನಾವಿಬ್ಬರೂ ಎದುರುಬದುರು ನಿಂತು ಹೊಟ್ಟೆ ತುಂಬ ಜಗಳವಾಡಿದೆವು.