ಹೊಳಪು ಬಂದ ಕಲ್ಲು

ಸಾಲ್ಟ್ ಲೇಕಿನ ನಮ್ಮ ಫ್ಲ್ಯಾಟಿನ ಗಾಜಿನ ಕಪಾಟಿನಲ್ಲಿ ಒಂದು ಕಲ್ಲಿತ್ತು. ಮುಷ್ಟಿಗಿಂತ ತುಸು ದೊಡ್ಡದು, ಎತ್ತಿದರೆ ಕೈ ಸೋಲುವಷ್ಟು ಭಾರ. ಅಪ್ಪ ಸರ್ಕಾರಿ ಭೂವಿಜ್ಞಾನಿಯಾಗಿದ್ದಾಗ ರಾಜಸ್ಥಾನದ ಹಳೆಯ ಬೆಳ್ಳಿ-ಸೀಸದ ಗಣಿಯಿಂದ ತಂದ ಅದಿರು. ನಿವೃತ್ತರಾದ ಮೇಲೂ ಆ ಗಣಿಯ ಮಾತು ಅವರ ಬಾಯಿಂದ ಇಳಿಯಲಿಲ್ಲ. ನೆಲದಾಳದ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಏರಿ ಬಂದು ಅದಿರು ಬಿಟ್ಟುಹೋದದ್ದು, ಹಿಂದಿನವರು ಬಂಡೆಗೆ ಬೆಂಕಿ ಹಚ್ಚಿ ಸೀಳಿಸಿ ಆ ಅದಿರಿನ ಬೆನ್ನು ಹತ್ತಿ ಇಲಿಗಳ ಹಾಗೆ ಬಿಲ ಕೊರೆದದ್ದು, ಸೀಸವನ್ನು ಕುಲುಮೆಯಲ್ಲಿ ಉರಿಸಿ ಉರಿಸಿ ಕೊನೆಗೆ ಒಂದು ಹನಿ ಬೆಳ್ಳಿ ಉಳಿಸಿಕೊಂಡದ್ದು. ಊಟಕ್ಕೆ ಬಂದವರಿಗೆಲ್ಲ ಇದನ್ನು ಬಡಿಸಲೇಬೇಕು. ಆ ಕುಲುಮೆಯ ಹೊಗೆ ಕುಡಿದವರು ಏನಾದರು ಎಂದು ಒಮ್ಮೆ ಕೇಳಿದ್ದೆ. "ಅದು ನಮ್ಮ ಶಾಸ್ತ್ರ ಅಲ್ಲ, ಬಿಡವಾ" ಎಂದು ನಕ್ಕಿದ್ದರು.

ಹೋದ ಚಳಿಗಾಲ ನನ್ನ ನಾಲ್ಕು ವರ್ಷದ ಮಗಳು ಹೊಟ್ಟೆನೋವೆಂದು ಅಳತೊಡಗಿದಳು. ಆಟ ಬಿಟ್ಟು ಮೂಲೆ ಹಿಡಿದಳು. ರಕ್ತದಲ್ಲಿ ಸೀಸ ಇದೆ, ಎಲ್ಲಿಂದ ಬರುತ್ತಿದೆ ಎಂದು ಬೇಗ ಹುಡುಕಿ, ಇಲ್ಲದಿದ್ದರೆ ಮಗುವಿನ ಬುದ್ಧಿಗೇ ಪೆಟ್ಟು ಎಂದರು ಡಾಕ್ಟರು. ಕುಂಕುಮ, ಆಟಿಕೆ, ಕಿಟಕಿಯ ಬಣ್ಣ ಎಲ್ಲವನ್ನೂ ಪರೀಕ್ಷೆಗೆ ಕೊಟ್ಟೆ. ಏನೂ ಸಿಗಲಿಲ್ಲ. ಆ ಕಲ್ಲನ್ನು ಬಿಸಾಕಿ ಎಂದು ಅಪ್ಪನ ಮೇಲೆ ಹರಿಹಾಯ್ದೆ.

"ಕಪಾಟಿನಾಗಿನ ಕಲ್ಲು ಹಾರಿ ಬಂದು ಕೂಸಿನ ಬಾಯಾಗ ಬೀಳ್ತದೇನು? ಅದು ನೀರಿಗೂ ಕರಗೂದಿಲ್ಲ" ಎಂದು ಅವರೂ ರೇಗಿದರು.

ಕಪಾಟು ತೆರೆದರೆ ಕಲ್ಲಿಲ್ಲ. ಅವ್ವ ಅದನ್ನು ಅಡುಗೆಮನೆಯಿಂದ ಹಿಡಿದು ಬಂದಳು. ಪಕ್ಕದ ಬಂಗಾಳಿ ಮನೆಯವರಿಂದ ಛಾನಾ, ಅಂದರೆ ಹಸಿ ಪನೀರು, ಮಾಡಲು ಕಲಿತಿದ್ದಳು. ಹಾಲಿಗೆ ನಿಂಬೆರಸ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಭಾರಕ್ಕೆ ಮೇಲೆ ಈ ಕಲ್ಲು ಇಡುತ್ತಿದ್ದಳಂತೆ. ಕಲ್ಲನ್ನು ತೋಯಿಸಿ ಇಳಿದ ಹುಳಿನೀರನ್ನು ಚೆಲ್ಲಲು ಮನಸ್ಸಾಗದೆ, ಅದರಲ್ಲೇ ಮೊಮ್ಮಗಳ ಚಪಾತಿಗೆ ಹಿಟ್ಟು ಕಲಸುತ್ತಿದ್ದಳು.

"ಎಷ್ಟ ಮಂಕಾಗಿತ್ತು ನಿಮ್ಮ ಕಲ್ಲು! ಈಗ ಹ್ಯಾಂಗ ಹೊಳೀತದ ನೋಡ್ರಿ. ಎಲ್ಲಾ ನನ್ನ ಕೈಗುಣ" ಎಂದು ಹೆಮ್ಮೆಯಿಂದ ಅಪ್ಪನ ಮುಂದೆ ಹಿಡಿದಳು.

ಅಪ್ಪ ಕಲ್ಲನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಉಜ್ಜಿ ನೋಡಿದರು. ಕಲ್ಲು ಕರಗದಿದ್ದರೂ ಈ ಊರಿನ ಹಸಿ ಗಾಳಿಗೆ ಅದರ ಮೇಲೆ ಕೂತ ಮಂಕು ಪೊರೆ ಹುಳಿಗೆ ಕರಗುತ್ತದೆ, ಆ ಪೊರೆಯೂ ಸೀಸವೇ ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಬೆಳ್ಳಿಯ ಕಥೆ ಸಾವಿರ ಸಲ ಹೇಳಿದ ಮನುಷ್ಯ ಇದನ್ನು ಒಂದು ಸಲ ಹೇಳಬಾರದಿತ್ತೆ? ಬಾಯಿಗೆ ಬಂದಂತೆ ಕೂಗಾಡಿದೆ. ಆ ಕೂಗಿನಲ್ಲೇ ಅವ್ವನಿಗೂ ಎಲ್ಲ ತಿಳಿದುಹೋಯಿತು.

ಕಲ್ಲು ಮನೆಯಿಂದ ಹೋಯಿತು. ಮಗಳ ರಕ್ತದಲ್ಲಿ ಸೀಸ ನಿಧಾನಕ್ಕೆ ಇಳಿಯುತ್ತಿದೆ. ಬುದ್ಧಿಯ ವಿಷಯ ಶಾಲೆಗೆ ಹೋದ ಮೇಲಷ್ಟೇ ಗೊತ್ತಾಗುವುದು ಎನ್ನುತ್ತಾರೆ ಡಾಕ್ಟರು. ಅಪ್ಪ ಈಗ ಗಣಿಯ ಸುದ್ದಿ ಎತ್ತುವುದಿಲ್ಲ.

ನಿನ್ನೆ ಮಗಳು ತಟ್ಟೆ ಹಿಡಿದು ಬಂದು, "ಅಜ್ಜಿ, ನಿನ್ನ ಚಪಾತಿ ಬೇಕು" ಎಂದಳು.

ಅವ್ವ ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ನಿಮ್ಮವ್ವ ಮಾಡಿ ಕೊಡ್ತಾಳ, ಹೋಗವಾ" ಎಂದಳು.