ಶಿಲ್ಪದ ಬೆನ್ನು ನೋಡುತ್ತಿದ್ದ ಮುರುಗೇಶ ಮಾಮ

ಮುರುಗೇಶ ಮಾಮ ಯಾವ ಶಿಲ್ಪವನ್ನೂ ಮೊದಲು ಎದುರಿನಿಂದ ನೋಡಿದವರಲ್ಲ. ಎಲ್ಲರೂ ದೇವಿಯ ಮುಖ ನೋಡಿ ಕೈ ಮುಗಿಯುತ್ತಿದ್ದರೆ ಇವರು ಗೋಡೆಗೆ ಕೆನ್ನೆ ಒತ್ತಿ ಕಲ್ಲಿನ ಹಿಂದಿನ ಸಂದಿಯಲ್ಲಿ ಇಣುಕುತ್ತಿದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕ ಹೊಯ್ಯುವುದು ಅವರ ಕೆಲಸ. ಓಲ್ಡ್ ಟೌನಿನಲ್ಲಿ ನಮ್ಮ ಪಕ್ಕದ ಮನೆ.

ಬೇಸಿಗೆ ರಜೆಯಲ್ಲಿ, ಹೆಂಚು ಕಾದು ಮನೆಯೊಳಗೆ ಕೂರಲಾಗದ ದಿನ, ನನ್ನನ್ನು ಬಸ್ಸು ಹತ್ತಿಸಿ ಶಿವಮೊಗ್ಗದ ಹಳೇ ಅರಮನೆಯ ಮ್ಯೂಸಿಯಂಗೆ ಕರೆದೊಯ್ಯುತ್ತಿದ್ದರು. ಸೆಕೆ ಎಂದು ನಾನು ಗೊಣಗಿದರೆ, "ಕುಲುಮೆ ಮುಂದೆ ಒಂದಿನ ನಿಂತು ನೋಡು ಮಾರಾಯ್ತಿ, ಆಮೇಲೆ ಇದೇ ಊಟಿ ಅನ್ಸುತ್ತೆ" ಎನ್ನುತ್ತಿದ್ದರು.

ಒಮ್ಮೆ ಕಾವಲುಗಾರನಿಗೆ ಅನುಮಾನ ಬಂತು. "ಏನು ಬಿತ್ತು ಯಜಮಾನ್ರೇ?"

"ಬಿದ್ದಿಲ್ಲ ಸ್ವಾಮಿ, ಹುಡುಕ್ತಾ ಇದ್ದೀನಿ. ಕೆತ್ತಿದೋನ ಹೆಸರು." ಮಾಮ ಅಂಗಳದ ವೀರಗಲ್ಲಿನತ್ತ ಕೈ ತೋರಿಸಿದರು. "ಅಲ್ಲಿ ಸತ್ತೋನ ಹೆಸರಿದೆ, ಆಳಿದೋನ ಹೆಸರಿದೆ. ಬಿಸಿಲಲ್ಲಿ ಕೂತು ಉಳಿ ಹೊಡೆದೋನು ಎಲ್ಲಿ?"

ಕಾವಲುಗಾರ ತಾನೂ ಹಿಂದೆ ಹೋಗಿ ನೋಡಿಬಂದ.

ವಾಪಸು ಬರುವಾಗ ಮಾಮ ಮೆಲ್ಲಗೆ ಹೇಳಿದರು: "ನಾನು ಹೊಯ್ದಿದ್ದು ಎಷ್ಟೋ ಊರಲ್ಲಿದೆ. ಯಾವುದ್ರ ಮೇಲೂ ನಾನಿಲ್ಲ ನೋಡು." ನನಗೆ ಅಳು ಬಂದಿತ್ತು. ಇವರ ಹೆಸರನ್ನು ಒಂದಿನ ನಾನೇ ಬರೆಯುತ್ತೇನೆ ಎಂದು ಆ ಬಸ್ಸಿನಲ್ಲೇ ನಿಶ್ಚಯಿಸಿದೆ.

ಬರೆಯುವ ದಿನ ಬರಲು ಬಹಳ ವರ್ಷ ಹಿಡಿಯಿತು. ನಾನು ಶಿವಮೊಗ್ಗದ ದುರ್ಗಿಗುಡಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆದೆ. ಹೋದ ವರ್ಷ ಮೇ ತಿಂಗಳಲ್ಲಿ ಅಲ್ಲಿ ಊರಿನ ಕೆಲಸಗಾರರ ಕಲಾಪ್ರದರ್ಶನ ಇಟ್ಟೆವು. ನಿವೃತ್ತಿಯ ನಂತರ ಮಾಮ ಮತ್ತು ಅವರ ಹಳೇ ಜೊತೆಗಾರ ಬಷೀರ್ ಸಾಹೇಬರು ಸೇರಿ ಎರಕ ಹೊಯ್ದಿದ್ದ ಕಬ್ಬಿಣದ ಬಸವನನ್ನು ಮಾಮನ ನಡುಮನೆಯಿಂದ ಹೊತ್ತು ತಂದು ಬಾಗಿಲಲ್ಲೇ ಇಟ್ಟೆ. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಮಾಡಿದವರು, ಮುರುಗೇಶ್, ಭದ್ರಾವತಿ.

ಮಾಮ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಅಭ್ಯಾಸಬಲ, ಮೊದಲು ಬಸವನ ಹಿಂದಕ್ಕೇ ಹೋದರು. ಆಮೇಲೆ ಎದುರು ಬಂದು ಚೀಟಿ ಓದಿದರು. ಕಣ್ಣು ತುಂಬಿತು. ಮರುಕ್ಷಣವೇ ನನಗೆ ಬೈಗುಳ.

"ಬಷೀರನ ಹೆಸರೆಲ್ಲಿ?"

"ಅವರು ಅಚ್ಚಿಗೆ ಮರಳು ತುಂಬಿದ್ದು ಅಷ್ಟೇ ಅಲ್ವಾ ಮಾಮ?"

"ಅಷ್ಟೇನಾ? ಮರಳು ಸಡಿಲ ಆಗಿದ್ರೆ ಬಸವನಿಗೆ ಕಿವೀನೇ ಇರ್ತಿರ್ಲಿಲ್ಲ! ಇಷ್ಟು ವರ್ಷ ನನ್ನ ಜೊತೆ ಬೆನ್ನು ನೋಡಿ ಇದೇನಾ ಕಲ್ತಿದ್ದು? ಬೇರೆ ಚೀಟಿ ಬರಿ."

ನಾಚಿಕೆಯಿಂದ ತಲೆ ತಗ್ಗಿಸಿ ಬರೆದೆ. ಮುಗಿಸುವವರೆಗೂ ಅವರು ಕುರ್ಚಿ ಮುಟ್ಟಲಿಲ್ಲ. ಅಂಥವರ ಪಕ್ಕದ ಮನೆಯಲ್ಲಿ ಬೆಳೆದೆ ಎಂಬ ಹೆಮ್ಮೆ ನನಗೆ ಈಗಲೂ ಇದೆ.

ಆ ಮಳೆಗಾಲದಲ್ಲಿ ಮಾಮ ತೀರಿಕೊಂಡರು. ಬಸವ ನಮ್ಮ ಶಾಲೆಯಲ್ಲೇ ಉಳಿದ. ಈ ಬೇಸಿಗೆಯ ಒಂದು ಉರಿಮಧ್ಯಾಹ್ನ ಬಷೀರ್ ಸಾಹೇಬರು ಒಬ್ಬರೇ ಬಂದರು. ಚೀಟಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು.

"ತಪ್ಪಾಗಿದೆ ಬೇಟಿ. ನಂದು ಮೇಲೆ, ಮುರುಗೇಶಣ್ಣಂದು ಕೆಳಗೆ ಬರ್ದಿದ್ದೀಯ."

"ಅವರೇ ನಿಂತು ಬರೆಸಿದ್ದು ಚಾಚಾ," ಎಂದೆ. "ಮೊದಲು ಮರಳು, ಆಮೇಲೆ ಕಬ್ಬಿಣ ಅಂದ್ರು."